ತೂತು ಹೆಣೆಯುವ ನೆಮ್ಮದಿ

ವೆಂಕಟೇಶ ದಿಂಬು ಹಿಡಿದು ಬಂದ. ದಿಂಬಿನ ತುಂಬ ಗುಂಡುಸೂಜಿ ಚುಚ್ಚಿತ್ತು. ಸೂಜಿಗಳಿಂದ ಇಳಿಬಿದ್ದ ದಾರ, ದಾರದ ತುದಿಗೆ ಮರದ ಸಣ್ಣ ಸಣ್ಣ ಕಡ್ಡಿ.

"ಯಾರಿಗೋ ಮಾಟ ಮಾಡಿಸ್ತಿರೋದು?" ಎಂದರು ಪದ್ದಕ್ಕ.

"ಬಾಬಿನ್ ಲೇಸ್, ಪದ್ದಕ್ಕ! ಈ ಕಡ್ಡಿಗಳೇ ಬಾಬಿನ್. ಇವುಗಳಿಂದ ದಾರದ ಜಾಲರಿಯನ್ನ ಕೈಯಲ್ಲೇ ಹೆಣೆಯೋದು. ಮನಸ್ಸಿಗೆ ಎಷ್ಟು ನೆಮ್ಮದಿ ಗೊತ್ತಾ?"

"ಮೊನ್ನೆ ಮಡಕೆ ಮಾಡೋದ್ರಲ್ಲಿ ಇತ್ತಲ್ಲ ನೆಮ್ಮದಿ, ಅದೆಲ್ಲಿ ಹೋಯ್ತು?"

"ಒಣಗ್ತಾ ಇದೆ."

ಈಗ ಕಿಟ್ ತರಿಸದೆ ಯಾರಿಗೂ ನೆಮ್ಮದಿ ಸಿಗುವುದಿಲ್ಲ. ವಿಡಿಯೋ ಹಾಕದಿದ್ದರೆ ಸಿಕ್ಕಿದ್ದೂ ಉಳಿಯುವುದಿಲ್ಲ.

"ತುಂಬಾ ಸುಲಭ," ಎಂದ ವೆಂಕಟೇಶ. "ಎರಡು ಜೊತೆ ಬಾಬಿನ್ ಕೈಗೆ ತಗೋಬೇಕು. ದಾಟಿಸಬೇಕು, ತಿರುಚಬೇಕು. ಕಾಗದದ ಗುರುತು ನೋಡ್ಕೊಂಡು ಪಿನ್ನು ಸಿಕ್ಕಿಸ್ತಾ ಹೋಗೋದು."

"ಕೊನೆಗೆ ಪಿನ್ನು?"

"ಕಿತ್ತುಬಿಡೋದು."

"ಉಳಿಯೋದು ತೂತು."

"ತೂತಿನ ಸುತ್ತ ದಾರ ಇರುತ್ತಲ್ಲ!"

"ಸೊಳ್ಳೆ ಪರದೆಯಲ್ಲೂ ಇರುತ್ತೆ ಕಣೋ. ಅದು ಸೊಳ್ಳೆನಾದ್ರೂ ತಡೆಯುತ್ತೆ."

ನಾಣಿ ಸುಮ್ಮನಿರಬೇಕಲ್ಲ! "ಅವೆರಡಕ್ಕೂ ನೆಂಟಸ್ತನ ಇದೆ ಪದ್ದಕ್ಕ. ಬಾಬಿನ್ ಲೇಸಿನ ಬಲೆಯನ್ನ ಯಂತ್ರದಲ್ಲೇ ಮಾಡೋಕೆ 1809ರಲ್ಲಿ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಪೇಟೆಂಟ್ ತಗೊಂಡ. ಸೊಳ್ಳೆ ಪರದೆಗೂ ಅಂಥದೇ ಬಲೆ. 1816ರಲ್ಲಿ ಲಫ್‌ಬರೊದಲ್ಲಿದ್ದ ಅವನ ಕಾರ್ಖಾನೆಗೆ ಜನ ನುಗ್ಗಿ ಯಂತ್ರಗಳನ್ನ ಪುಡಿ ಮಾಡಿದ್ರು."

"ಈಗ ಯಾರು ಒಡೀತಾರೆ? ಯಂತ್ರದ ಲೇಸ್ ಅಂಗಿ ಹಾಕ್ಕೊಂಡೇ ಕೈ ಲೇಸಿನ ವಿಡಿಯೋ ಮಾಡ್ತಾರೆ."

ವೆಂಕಟೇಶ ಸೋಲಲಿಲ್ಲ. "ಫ್ರಾನ್ಸಿನ ಅಲಾಂಸೋನ್ ಲೇಸ್ 2010ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿಗೆ ಸೇರಿದೆ. ಅದು ಸೂಜಿಯಲ್ಲಿ ಮಾಡೋದು. ಒಂದು ಚದರ ಸೆಂಟಿಮೀಟರಿಗೆ 7 ಗಂಟೆ ಬೇಕಂತೆ."

ಪದ್ದಕ್ಕ ಬೆರಳು ಮಡಚಿದರು. "30 ಸೆಂಟಿಮೀಟರಿನ ಚೌಕ ಕರವಸ್ತ್ರ ಅಂದ್ರೆ 900 ಚದರ. 6300 ಗಂಟೆ. ದಿನಾ 8 ಗಂಟೆ ಕೂತ್ರೂ ಎರಡು ವರ್ಷ ದಾಟುತ್ತೆ. ಅಷ್ಟೊತ್ತಿಗೆ ನನ್ನ ನೆಗಡಿ ಮೊಮ್ಮಕ್ಕಳಿಗೆ ಹೋಗಿರುತ್ತೆ."

"ಅದರಲ್ಲಿ ಯಾರಾದ್ರೂ ಮೂಗು ಒರೆಸ್ತಾರಾ?"

"ಒರೆಸಿದ್ರೂ ಏನು, ತೂತು ತಾನೇ!"

ನಗು ನಿಂತ ಮೇಲೂ ನಾಣಿ ಮಾತು ಮುಂದುವರಿಸಿದ. ಅವನಿಗೆ ಸಮಯಪ್ರಜ್ಞೆ ಕಡಿಮೆ. "ಆಗೆಲ್ಲ ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಂದೇ ಮೇಣದಬತ್ತಿಯ ಸುತ್ತ ನೀರು ತುಂಬಿದ ಗಾಜಿನ ಬುರುಡೆ ಇಡ್ತಿದ್ರು. ಅದರಿಂದ ಒಬ್ಬೊಬ್ಬರ ದಿಂಬಿಗೆ ಒಂದೊಂದು ಚೂರು ಬೆಳಕು. ಐದಾರು ವರ್ಷದ ಮಕ್ಕಳನ್ನೂ ಲೇಸ್ ಶಾಲೆಗೆ ಕೂರಿಸ್ತಿದ್ರು."

ಪದ್ದಕ್ಕ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನೆಮ್ಮದಿ ಸಿಕ್ತಾ ಅಂತ ಆ ಮಕ್ಕಳನ್ನ ಯಾರೂ ಕೇಳಿರಲ್ಲ. ಎಷ್ಟು ಅಂಗುಲ ಆಯ್ತು ಅಂತ ಕೇಳಿರ್ತಾರೆ," ಎಂದರು.

"ಹಾಗಾದ್ರೆ ನಾನು ಬಿಟ್ಟುಬಿಡ್ಲಾ?" ವೆಂಕಟೇಶನ ಮುಖ ಸಣ್ಣದಾಯಿತು.

"ಬಿಡು ಅಂದ್ನಾ? ಫೋನು ಆ ಕಡೆ ಇಡು. ಎಷ್ಟಾಗಿದೆ, ತೋರಿಸು."

ಹೆಬ್ಬೆರಳಗಲ ಆಗಿತ್ತು. ಪದ್ದಕ್ಕ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇಲ್ಲಿ ಮಾತ್ರ ಯಾಕೋ ತೂತಿಲ್ಲ?"

"ಅಲ್ಲಿ ದಾರ ಗಂಟಾಗಿದೆ. ಬಿಚ್ಚಬೇಕು."

"ಬಿಚ್ಚಬೇಡ. ಇಡೀ ತುಂಡಲ್ಲಿ ಗಟ್ಟಿಯಾಗಿರೋದು ಅದೊಂದೇ."