ಸಹಾಯ ಬೇಕು: ಪ್ರಿಂಟರ್‌ನಲ್ಲಿ ನೇರ ಗೆರೆ ಮುರಿದು ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನಲ್ಲಿ ಇದ್ದೇನೆ. ಹೋದ ತಿಂಗಳು ಮೂಡಿಗೆರೆಯಿಂದ ಮನೆ ಬದಲಾಯಿಸುವಾಗ ಇಂಕ್‌ಜೆಟ್ ಪ್ರಿಂಟರನ್ನೂ ಜೀಪಿನಲ್ಲಿ ತಂದೆವು. ಆಮೇಲೆ ಟೇಬಲ್‌ನ ನಿಂತ ಗೆರೆಗಳೆಲ್ಲ ಹಲ್ಲುಹಲ್ಲಾಗಿ ಬರುತ್ತಿವೆ. ಅಕ್ಷರದ ಪಕ್ಕ ನೆರಳು ಬೇರೆ.

ನಾಝಲ್ ಚೆಕ್ (ಇಂಕ್ ಬರುವ ಸಣ್ಣ ತೂತುಗಳನ್ನು ನೋಡುವ ಟೆಸ್ಟ್ ಪ್ರಿಂಟ್) ಮಾಡಿದೆ, ಎಲ್ಲೂ ಗೆರೆ ತುಂಡಾಗಿಲ್ಲ. ಅಂದರೆ ಇಂಕ್ ಚಿಮ್ಮಿಸುವ ಹೆಡ್ ಕಟ್ಟಿಕೊಂಡಿಲ್ಲ, ಅಲ್ವಾ? ಅದಕ್ಕೇ ಸುಮ್ನೆ ಹೆಡ್ ಕ್ಲೀನಿಂಗ್ ಮಾಡಿ ಇಂಕ್ ಹಾಳು ಮಾಡಲು ಹೋಗಲಿಲ್ಲ. ಬೈ-ಡೈರೆಕ್ಷನಲ್ (ಹೆಡ್ ಹೋಗುವಾಗಲೂ ಬರುವಾಗಲೂ ಪ್ರಿಂಟ್ ಮಾಡುವುದು) ಆಫ್ ಮಾಡಿದರೆ ಗೆರೆ ನೇರ ಬರುತ್ತದೆ, ಆದರೆ ಪ್ರಿಂಟಿಂಗ್ ತುಂಬಾ ನಿಧಾನ. ಹೆಡ್ ಹೋಗುವಾಗ ಬೀಳುವ ಚುಕ್ಕಿಗೂ ಬರುವಾಗ ಬೀಳುವ ಚುಕ್ಕಿಗೂ ಹೊಂದಿಕೆ ತಪ್ಪಿದೆ ಅಂತ ನನಗೆ ಅನಿಸುತ್ತದೆ. ಈ ಹೊಂದಿಕೆ ಸರಿಮಾಡುವ ಅಲೈನ್‌ಮೆಂಟ್ ಮೂರು ಸಲ ಮಾಡಿದೆ. ಒಂದು ದಿನ ಸರಿ ಇರುತ್ತದೆ, ಮತ್ತೆ ಅದೇ ಕಥೆ.

ಈಗ ಅನುಮಾನ ಎನ್‌ಕೋಡರ್ ಪಟ್ಟಿಯ ಮೇಲೆ. ಹೆಡ್ ಎಲ್ಲಿದೆ ಅಂತ ಪ್ರಿಂಟರ್ ತಿಳಿಯುವುದು ಆ ತೆಳು ಪ್ಲಾಸ್ಟಿಕ್ ಪಟ್ಟಿಯಿಂದಲೇ. ಅದರ ಮೇಲೆ ಇಂಕಿನ ಮಸಿ ಕಾಣುತ್ತಿದೆ. ಬಿಚ್ಚದೆ ಒರೆಸಬಹುದಾ? ಬರೀ ನೀರು ಸಾಕಾ? ಸ್ಪಿರಿಟ್ ಹಾಕಿದರೆ ಪಟ್ಟಿಯ ಸಣ್ಣ ಗುರುತುಗಳು ಅಳಿಸಬಹುದು ಅಂತ ಭಯ.

ಮಗಳ ಪ್ರಾಜೆಕ್ಟ್ ಸೋಮವಾರ ಕೊಡಬೇಕು. ಇಲ್ಲಿ ಅಥವಾ ಹಾಸನದಲ್ಲಿ ಇದನ್ನು ಚೆನ್ನಾಗಿ ರಿಪೇರಿ ಮಾಡುವವರು ಗೊತ್ತಿದ್ದರೂ ದಯವಿಟ್ಟು ಹೇಳಿ.