ಹಳೇ ಕಾರಿನ ಕಂಪನಿ ಪೇಂಟ್: ಟಚ್ ಅಪ್ ಮಾಡಿದರೆ ಬಣ್ಣ ಹೊಂದುತ್ತಿಲ್ಲ

ಕೆಂಪುಗಾಡಿ:
ನನ್ನ ಹಳೇ ಕೆಂಪು ಕಾರಿಗೆ ಇನ್ನೂ ಕಂಪನಿಯಿಂದ ಬಂದ ಪೇಂಟೇ ಇದೆ. ಬಾನೆಟ್ಟು, ರೂಫು ಮಂಕಾಗಿವೆ, ಕೈಯಾಡಿಸಿದರೆ ಕೆಂಪು ಪುಡಿ ಹತ್ತುತ್ತದೆ. ಬಾನೆಟ್ ಮುಂದಿನ ಅಂಚಲ್ಲಿ ಕಲ್ಲು ಸಿಡಿದು ಅಲ್ಲಲ್ಲಿ ಪೇಂಟ್ ಎದ್ದಿದೆ, ಒಂದೆರಡು ಕಡೆ ತುಕ್ಕೂ ಶುರುವಾಗಿದೆ. ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿದ್ದ ಕಲರ್ ಕೋಡ್ ನೋಡಿಯೇ ಟಚ್ ಅಪ್ ಬಾಟಲಿ ತರಿಸಿದ್ದು, ಆದರೂ ಹಚ್ಚಿದ ಜಾಗ ಎದ್ದು ಕಾಣುತ್ತದೆ. ಪೂರ್ತಿ ಪೇಂಟ್ ಮಾಡಿಸುವ ಮನಸ್ಸಿಲ್ಲ. ಏನು ಮಾಡಬಹುದು?

ಬಣ್ಣದಂಗಡಿ:
ಕೋಡ್ ಸರಿಯಾಗೇ ಇದೆ, ಬದಲಾಗಿರೋದು ನಿಮ್ಮ ಕಾರು! ಕೋಡ್ ಹೇಳೋದು ಕಾರು ಹೊಸದಾಗಿದ್ದಾಗಿನ ಬಣ್ಣ. ಮೊದಲು ಒಂದು ಮೂಲೆಯಲ್ಲಿ ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಉಜ್ಜಿ ನೋಡಿ. ಬಟ್ಟೆ ಕೆಂಪಾದರೆ ಮೇಲೆ ಕ್ಲಿಯರ್ ಕೋಟ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ) ಇಲ್ಲ ಅಂತ ಅರ್ಥ, ಪುಡಿ ಹತ್ತುತ್ತದೆ ಅಂದಿದ್ದು ನೋಡಿದರೆ ಅದೇ ಇರಬೇಕು. ಹಾಗಿದ್ದರೆ ಒಳ್ಳೇದೇ ಆಯಿತು, ಬಿಸಿಲಿಗೆ ಸತ್ತ ಮೇಲ್ಪದರವನ್ನು ಪಾಲಿಶ್ ಮಾಡಿ ತೆಗೆದರೆ ಕೆಳಗೆ ಒಳ್ಳೇ ಕೆಂಪು ಸಿಗುತ್ತದೆ, ಆಗ ನಿಮ್ಮ ಬಾಟಲಿಯ ಬಣ್ಣವೂ ಬಹುಮಟ್ಟಿಗೆ ಹೊಂದುತ್ತದೆ. ಅದಕ್ಕೇ ಮೊದಲು ಪಾಲಿಶ್, ಆಮೇಲೆ ಟಚ್ ಅಪ್. ಸುಮ್ನೆ ಮಷೀನ್ ಹಿಡಿದು ಜಾಸ್ತಿ ತಿಕ್ಕಬೇಡಿ, ಪ್ರೈಮರೂ (ಬಣ್ಣದ ಕೆಳಗಿನ ತಳಪದರ) ಸೇರಿ ಪೇಂಟ್ ಇರೋದು ಸುಮಾರು 100ರಿಂದ 150 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್), ಅಂಚು ಮತ್ತು ಗೆರೆಗಳ ಮೇಲೆ ಇನ್ನೂ ತೆಳು.

ತುಕ್ಕುವೈರಿ:
ಹೊಳಪು ಕಾಯುತ್ತದೆ, ತುಕ್ಕು ಕಾಯೋದಿಲ್ಲ. ಅದರ ಮೇಲೇ ಬಣ್ಣ ಹಚ್ಚಿದರೆ ಒಳಗೊಳಗೇ ಹಬ್ಬಿ ಗುಳ್ಳೆ ಏಳುತ್ತದೆ. ಚೂಪಾದ ಬ್ಲೇಡಿನಿಂದಲೋ ಸಣ್ಣ ತುಂಡು ವಾಟರ್ ಪೇಪರಿನಿಂದಲೋ ಬರೀ ತಗಡು ಕಾಣುವ ತನಕ ಕೆರೆಯಿರಿ. ಗುಂಡಿಯೊಳಗೆ ಉಳಿದಿದ್ದಕ್ಕೆ ರಸ್ಟ್ ಕನ್ವರ್ಟರ್ (ತುಕ್ಕು ಹಬ್ಬದಂತೆ ಮಾಡುವ ದ್ರಾವಣ) ಹಾಕಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಪ್ರೈಮರ್ ಹಚ್ಚಿ. ತಿನ್ನರ್ ಬೇಡ, ಸುತ್ತಲಿನ ಪೇಂಟೂ ಕರಗೀತು. ಬಾಟಲಿ ಜೊತೆ ಬರುವ ಬ್ರಷ್ ದಪ್ಪ, ಹಲ್ಲುಕಡ್ಡಿಯ ತುದಿಯಲ್ಲಿ ಹನಿ ಇಟ್ಟರೆ ಸಾಕು. ಪೇಂಟ್ ಒಣಗುತ್ತಾ ಕುಗ್ಗುವುದರಿಂದ ಒಂದೇ ಸಲಕ್ಕೆ ಗುಂಡಿ ತುಂಬುವುದಿಲ್ಲ, ತೆಳುವಾಗಿ ಎರಡು ಮೂರು ಸಲ ಹಾಕಿ. ಬಿಸಿಲಲ್ಲಿ ನಿಲ್ಲಿಸಿ ಮಾತ್ರ ಮಾಡಬೇಡಿ.

ಬೂದಿಬಣ್ಣ:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಂದು ಸಿಲ್ವರ್ ಮೆಟಾಲಿಕ್, ರೂಫಲ್ಲಿ ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಪದರ ಸುಲಿಯುತ್ತಿದೆ. ಇದೂ ಪಾಲಿಶ್‌ಗೆ ಹೋಗುತ್ತದಾ?

ಬಣ್ಣದಂಗಡಿ:
ಇಲ್ಲ. ನಿಮ್ಮದು ಕ್ಲಿಯರ್ ಕೋಟ್ ಬಿಟ್ಟುಕೊಂಡಿರೋದು, ಪಾಲಿಶ್ ಮಾಡಿದಷ್ಟೂ ಅಂಚು ಇನ್ನಷ್ಟು ಏಳುತ್ತದೆ. ರೂಫ್ ಪೂರ್ತಿ ಉಜ್ಜಿ ಹೊಸದಾಗಿ ಹೊಡೆಸಲೇಬೇಕು. ಸಿಲ್ವರಿಗೆ ಬ್ರಷ್ ಕೆಲಸ ಆಗೋದೂ ಇಲ್ಲ, ಸ್ಪ್ರೇಯಲ್ಲಿ ಲೋಹದ ಕಣಗಳು ಕೂರುವ ರೀತಿಯೇ ಬೇರೆ, ಬ್ರಷ್‌ನಲ್ಲಿ ಕಪ್ಪಗೆ ಕಾಣುತ್ತದೆ. ನೀವೇ ಹೊಡೆಯೋದಾದರೆ ಹಾರ್ಡ್ನರ್ ಬೆರೆಸುವ 2ಕೆ ಕ್ಲಿಯರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಬಟ್ಟೆ ಮಾಸ್ಕ್ ಸಾಲದು.

ಕೆಂಪುಗಾಡಿ:
ಬಟ್ಟೆ ಕೆಂಪಾಯಿತು! ಉಜ್ಜಿದ ಜಾಗದಲ್ಲಿ ಬಾಟಲಿಯ ಬಣ್ಣ ಹೆಚ್ಚುಕಡಿಮೆ ಸೇರಿಕೊಳ್ಳುತ್ತಿದೆ. ಎದ್ದು ನಿಂತ ಹನಿಗಳನ್ನು ಯಾವಾಗ ಸಮ ಮಾಡಲಿ?

ತುಕ್ಕುವೈರಿ:
ಒಂದು ವಾರವಾದರೂ ಬಿಡಿ. ಆಮೇಲೆ 2000 ನಂಬರಿನ (ನಂಬರ್ ಹೆಚ್ಚಿದಷ್ಟೂ ನಯ) ವಾಟರ್ ಪೇಪರನ್ನು ನೀರಲ್ಲಿ ನೆನೆಸಿ ಹನಿಯ ತಲೆ ಮೇಲಷ್ಟೇ ಉಜ್ಜಿ, 3000ದಲ್ಲಿ ಮುಗಿಸಿ ಪಾಲಿಶ್ ಕೊಡಿ. ಕೊನೆಗೆ ಇಡೀ ಗಾಡಿಗೆ ವ್ಯಾಕ್ಸ್. ಕ್ಲಿಯರ್ ಕೋಟ್ ಇಲ್ಲದ ಪೇಂಟಿಗೆ ಅದನ್ನು ಆಗಾಗ ಹಾಕುತ್ತಿರಬೇಕು, ಇಲ್ಲದಿದ್ದರೆ ಮತ್ತೆ ಪುಡಿ ಬರುತ್ತದೆ.