ಮಗಳ ಫಾರಂನಲ್ಲಿ 'ತಂದೆಯ ಸ್ವಂತ ಊರು' ಅಂತ ಏನು ಬರೆಯಲಿ?

ಕಡಲಾಚೆಯವನು:
ಭಾನುವಾರದೊಳಗೆ ಈ ಫಾರಂ ವಾಪಸ್ ಕೊಡಬೇಕು. ಚರ್ಚಿನಲ್ಲಿ ಮಗಳ ಮೊದಲ ಪರಮಪ್ರಸಾದದ್ದು (ಫಸ್ಟ್ ಕಮ್ಯುನಿಯನ್). ಉಳಿದದ್ದೆಲ್ಲ ತುಂಬಿದ್ದೇನೆ. 'ತಂದೆಯ ಸ್ವಂತ ಊರು' ಅನ್ನುವ ಕಡೆ ಪೆನ್ನು ನಿಂತುಬಿಟ್ಟಿದೆ.

ನಾನು ಶ್ರೀಲಂಕಾದ ಮನ್ನಾರಿನವನು. 1990ರಲ್ಲಿ ಯುದ್ಧ ಮತ್ತೆ ಶುರುವಾದಾಗ ರಾತ್ರೋರಾತ್ರಿ ದೋಣಿ ಹತ್ತಿ ರಾಮೇಶ್ವರಕ್ಕೆ ಬಂದೆವು. ನನಗಾಗ ಏಳು ವರ್ಷ. ಮಂಡಪಂ ನಿರಾಶ್ರಿತರ ಕ್ಯಾಂಪಿನಲ್ಲಿ ಹೆಸರು ಬರೆಸಿದರು. ಅಮ್ಮ ಸೆರಗಿನ ತುದಿಯಲ್ಲಿ ಒಂದು ಹಿಡಿ ಮಣ್ಣು ಕಟ್ಟಿಕೊಂಡಿದ್ದರು. ಮನ್ನಾರ್ ಕಡೆಯ ಮಡು ಅನ್ನುವ ಊರಿನ ಮೇರಿ ಮಾತೆ, ಅಂದರೆ ಮಡು ಮಾತೆಯ ಚರ್ಚಿನ ಮಣ್ಣು. ಹಾವು ಕಚ್ಚಿದರೆ ಅದನ್ನೇ ಹಚ್ಚುತ್ತಾರೆ ನಮ್ಮ ಕಡೆ. ದೋಣಿಯಲ್ಲಿ ಉಪ್ಪುನೀರು ಬಿದ್ದು ಕೆಸರಾಗಿತ್ತು. ಅಮ್ಮ ಅದನ್ನು ತಗಡಿನ ಮೇಲೆ ಹರಡಿ, ಒಣಗಿಸಿ, ಮತ್ತೆ ಕಟ್ಟಿಟ್ಟರು. ಆ ಮಣ್ಣು, ನನ್ನ ಜ್ಞಾನಸ್ನಾನದ (ಬ್ಯಾಪ್ಟಿಸಂ) ಚೀಟಿ. ಅಲ್ಲಿಂದ ಬಂದದ್ದು ಇಷ್ಟೇ.

ಬೆಂಗಳೂರಿಗೆ ಬಂದು 21 ವರ್ಷ. ಹೆಂಡತಿ ಇಲ್ಲಿಯವಳೇ. ಪೇಂಟಿಂಗ್ ಕೆಲಸಕ್ಕೆ ಯಾವ ಮನೆಗೆ ಹೋದರೂ ಮೊದಲ ಪ್ರಶ್ನೆ 'ಯಾವೂರು ನಿಮ್ದು?' ಪ್ರೀತಿಯಿಂದಲೇ ಕೇಳುತ್ತಾರೆ. ಒಮ್ಮೆ ರಾಮನಾಥಪುರ ಅನ್ನುತ್ತೇನೆ, ಒಮ್ಮೆ ಸುಮ್ನೆ ತಮಿಳುನಾಡು. ಹೊರಗೆ ಹೀಗೆ ಹೇಳಿ ರೂಢಿಯಾಗಿದೆ. ಚರ್ಚಿನ ಕಾಗದದಲ್ಲಿ ಸುಳ್ಳು ಬರೆಯಲು ಮನಸ್ಸು ಬರುತ್ತಿಲ್ಲ. ನಿಜ ಬರೆದರೆ ಮಗಳನ್ನು ನಾಳೆ ಯಾರಾದರೂ 'ರೆಫ್ಯೂಜಿ' ಅಂದುಬಿಟ್ಟರೆ? ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ?

ಭಾನುವಾರದ ಟೀಚರ್:
ನಾನು ಬೇರೆ ಚರ್ಚಿನಲ್ಲಿ ಧರ್ಮೋಪದೇಶ ಕಲಿಸುತ್ತೇನೆ. ನಮ್ಮಲ್ಲಿ ಆ ಫಾರಂ ನೋಡುವುದು ಟೀಚರ್ ಮತ್ತು ಫಾದರ್ ಮಾತ್ರ. ಧೈರ್ಯವಾಗಿ ಮನ್ನಾರ್ ಅಂತ ಬರೆಯಿರಿ. ಕ್ಲಾಸಿನಲ್ಲಿ ಮಕ್ಕಳು ನನ್ನನ್ನೇ ಕೇಳುತ್ತಾರೆ, ಯೇಸುವಿನ ಊರು ಯಾವುದು ಅಂತ. ಹುಟ್ಟಿದ್ದು ಬೆತ್ಲೆಹೇಮ್, ಹೆರೋದ ರಾಜನ ಭಯಕ್ಕೆ ಓಡಿದ್ದು ಈಜಿಪ್ಟಿಗೆ, ಬೆಳೆದದ್ದು ನಜರೇತ್. ಜನ ಬೆಳೆದ ಊರಿನ ಹೆಸರಿನಿಂದ ಕರೆದರೂ ಹುಟ್ಟಿದ ಊರನ್ನು ಯಾರೂ ಮುಚ್ಚಿಡಲಿಲ್ಲ, ಅಲ್ವಾ?

ಲಿಂಗರಾಜಪುರ:
ನನಗೆ ಹಾಗನ್ನಿಸುವುದಿಲ್ಲ. ಬೆಂಗಳೂರು ಅಂತ ಬರೆಯಿರಿ. ಅದೂ ನಿಜವೇ. 2019ರ ಪೌರತ್ವ ತಿದ್ದುಪಡಿಯಲ್ಲಿ ಕ್ರೈಸ್ತರ ಹೆಸರಿದೆ. ಆದರೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದವರಿಗೆ ಮಾತ್ರ. ಶ್ರೀಲಂಕಾದವರಿಗೆ ಇಲ್ಲ. ಇಂಥ ಕಾಲದಲ್ಲಿ ಎಲ್ಲ ಕಡೆ ಬರೆದುಕೊಂಡು ಹೋಗುವುದು ಯಾಕೆ? ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳುತ್ತಿದ್ದೇನೆ.

ಕಡಲಾಚೆಯವನು:
ಇಬ್ಬರಿಗೂ ಥ್ಯಾಂಕ್ಸ್. ಲಿಂಗರಾಜಪುರದವರೇ, ನಿಮ್ಮ ಭಯ ನನಗೂ ಇದೆ. ಅದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಟೀಚರ್ ಬರೆದದ್ದು ಓದಿ ಮಡು ಮಾತೆ ನೆನಪಾದಳು. ಆ ಪ್ರತಿಮೆಯೂ ಅಲ್ಲಿಯದಲ್ಲ. 1670ರ ಸುಮಾರಿಗೆ ಡಚ್ಚರ ಕಾಟ ತಾಳಲಾರದೆ ಕ್ಯಾಥೊಲಿಕರು ಮಾಂದೈ ಅನ್ನುವ ಊರಿನಿಂದ ಅದನ್ನು ಹೊತ್ತುಕೊಂಡು ಮಡು ಕಾಡಿಗೆ ಓಡಿದರು. 2008ರ ಏಪ್ರಿಲ್‌ನಲ್ಲಿ ಯುದ್ಧ ಹತ್ತಿರ ಬಂದಾಗ ಫಾದರ್‌ಗಳು ಮತ್ತೆ ಎತ್ತಿಕೊಂಡು ಹೋಗಬೇಕಾಯಿತು. ಆಗಸ್ಟ್‌ನಲ್ಲಿ ವಾಪಸ್ ತಂದರು. ಆ ಸುದ್ದಿ ಕೇಳಿದ ದಿನ ಅಮ್ಮ ನನ್ನನ್ನು ಶಿವಾಜಿನಗರದ ಮಾತೆಯ ಹತ್ತಿರ ಕರೆದುಕೊಂಡು ಹೋಗಿದ್ದರು. ಸೀರೆ ಉಟ್ಟ ಆ ಮಾತೆಯನ್ನು ತುಂಬ ಹೊತ್ತು ನೋಡಿ, 'ಇವಳೂ ಅವಳೇ ಕಣೋ' ಅಂದರು.

ನಿನ್ನೆ ರಾತ್ರಿ ಮಗಳಿಗೆ ಆ ಮಣ್ಣು ತೋರಿಸಿದೆ. ಮೂಸಿ ನೋಡಿದಳು. ಆಮೇಲೆ ಜಪಸರದ (ರೋಸರಿ) ಪ್ರಾರ್ಥನೆಗೆ ಕೂತೆವು. ಅಮ್ಮ ಯಾವತ್ತಿನಂತೆ ತಮಿಳಿನಲ್ಲಿ ಮೊದಲರ್ಧ ಹೇಳಿದರು, ಮಗಳು ಕನ್ನಡದಲ್ಲಿ ಉಳಿದರ್ಧ.

ಮನ್ನಾರ್ ಅಂತ ಬರೆದಿದ್ದೇನೆ. ನಾಳೆ ಬೆಳಗಿನ ಪೂಜೆ ಮುಗಿದ ಮೇಲೆ ಕೊಟ್ಟು ಬರುತ್ತೇನೆ.